ಆರನೆಯ ವಾಕ್ಯದ ಅಪ್ಪ

ಮಂಗಳವಾರ ಮತ್ತು ಗುರುವಾರ ಸಂಜೆ ಐದರಿಂದ ಏಳರವರೆಗೆ ನಾನು ಅಮೆರಿಕದ ಫೇರ್‌ಫ್ಯಾಕ್ಸಿನ ಒಂದು ಕಾಲೇಜಿನಲ್ಲಿ ಹನ್ನೊಂದು ಜನರಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೆ. ಎಲ್ಲರೂ ಪರಿಸರ ವಿಜ್ಞಾನ ಓದಲು ಬಂದವರು. ಊರುಗಳು ಬೇರೆ ಬೇರೆ, ಕೆಲವರ ಮನೆಮಾತೂ ಬೇರೆ. ಆದರೆ ಶಾಲೆಯಲ್ಲಿ ಕಲಿತದ್ದು, ತಮ್ಮತಮ್ಮಲ್ಲಿ ಜಗಳವಾಡುವುದು, ಮನಸ್ಸಿನಲ್ಲೇ ಕೂಡಿ ಕಳೆಯುವುದು ಎಲ್ಲ ರಷ್ಯನ್ನಿನಲ್ಲಿ. ಆ ಭಾಷೆಯಲ್ಲಿ 'ಎ', 'ದಿ' ಎಂಬ ಗೊಡವೆ ಇಲ್ಲ. ಕನ್ನಡದಲ್ಲೂ ಇಲ್ಲ. ಮೊದಲ ದಿನವೇ ಇದನ್ನು ಅವರಿಗೆ ಹೇಳಿದ್ದೆ. ಮೈಸೂರಿನಲ್ಲಿ ಎಂ.ಎ. ಮಾಡಿ, ಅಲ್ಲೇ ಒಂದು ಪಿಯು ಕಾಲೇಜಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಆದರೂ ಇಲ್ಲಿ ಒಂದು ಇಮೇಲ್ ಕಳಿಸುವ ಮುನ್ನ ಆ ಎರಡು ಪದಗಳಿಗಾಗಿ ಮೂರು ಸಲ ಓದುತ್ತೇನೆ ಎಂದೂ ಹೇಳಿದ್ದೆ. ಅವರು ನಕ್ಕರು. ಸ್ವಲ್ಪ ಸಮಾಧಾನವಾದ ಹಾಗೆ ಕಂಡರು.

ನನ್ನ ಕೆಲಸ ಸೆಮಿಸ್ಟರಿನಿಂದ ಸೆಮಿಸ್ಟರಿಗೆ. ವರ್ಕ್ ಪರ್ಮಿಟ್ ನನ್ನ ಗಂಡ ವೇಣು ಅವರ ವೀಸಾಕ್ಕೆ ಅಂಟಿಕೊಂಡದ್ದು. ನವೀಕರಣಕ್ಕೆ ಅರ್ಜಿ ಹಾಕಿ ಐದು ತಿಂಗಳಾಗಿತ್ತು. ಆಶ್‌ಬರ್ನಿನ ಮನೆಯಿಂದ ಹೊರಟು ಇಪ್ಪತ್ತೆಂಟನೇ ರೂಟಿನ ಟ್ರಾಫಿಕ್ಕಿನಲ್ಲಿ ಕೂತಾಗೆಲ್ಲ ಇದೇ ಕೊನೆಯ ಸೆಮಿಸ್ಟರ್ ಇರಬಹುದು ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡು ಅಂದುಕೊಂಡು ಆ ಚಿಂತೆಗೂ ಸುಸ್ತಾಗಿತ್ತು.

ಆ ವರ್ಷ, 2023ರ ಸೆಪ್ಟೆಂಬರಿನಲ್ಲಿ, ನಾನು ಪಠ್ಯಪುಸ್ತಕವನ್ನು ಬದಿಗಿಟ್ಟೆ. ಅದರಲ್ಲಿ ಜ್ಯಾಕ್ ಎಂಬವನು ಯಾವಾಗಲೂ ಕೊಡೆ ಕಳೆದುಕೊಳ್ಳುತ್ತಿದ್ದ. ಬಾವಿಯ ನೀರಿನಲ್ಲಿ ಸೀಸ ಎಷ್ಟಿದೆ ಎಂದು ಅಳೆಯಬಲ್ಲವರು ಜ್ಯಾಕನ ಕೊಡೆಯ ಮುಂದೆ ಕೂತು ಆಕಳಿಸುವುದನ್ನು ನೋಡಲಾಗಲಿಲ್ಲ. ಪ್ರತಿ ವಾರ ಹತ್ತು ವಾಕ್ಯ ಬರೆದು ತನ್ನಿ, ನಿಮ್ಮ ಊರಿನ ನೀರು, ಗಾಳಿ, ಮಣ್ಣಿನ ಬಗ್ಗೆ, ನಿಜವಾದದ್ದನ್ನು ಬರೆಯಿರಿ ಎಂದೆ. ಅವರು ತಂದದ್ದರಲ್ಲಿ ಚೆನ್ನಾಗಿದ್ದುದನ್ನು ಆರಿಸಿ, ತಪ್ಪು ತಿದ್ದಿ, 'ಎ', 'ದಿ'ಗಳನ್ನು ಕಿತ್ತು ಆ ಜಾಗದಲ್ಲಿ ಗೆರೆ ಎಳೆದು, ನಾವು ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ 'ಬಿಟ್ಟ ಸ್ಥಳ ತುಂಬಿ' ಹಾಳೆ ತಯಾರಿಸುತ್ತಿದ್ದೆ. ಬರೆದವರ ಹೆಸರು ಹಾಕುತ್ತಿರಲಿಲ್ಲ. ಅಷ್ಟು ಎಚ್ಚರಿಕೆ ಸಾಕು ಅಂದುಕೊಂಡಿದ್ದೆ.

ನಮ್ಮ ವಿಭಾಗದ ಕೋಆರ್ಡಿನೇಟರ್ ಲೊರೇನ್‌ಗೆ ಈ ಹಾಳೆಗಳು ಬಹಳ ಹಿಡಿಸಿದವು. "ಇವುಗಳಲ್ಲಿ ಜೀವ ಇದೆ" ಎಂದಳು. ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಈ ವಿದ್ಯಾರ್ಥಿಗಳನ್ನು ಕಳಿಸಿಕೊಟ್ಟ ಮೂರು ಸಂಸ್ಥೆಗಳಿಗೂ ಅವನ್ನು ಇಮೇಲ್ ಮಾಡತೊಡಗಿದಳು, ಅಲ್ಲಿಯ ಇಂಗ್ಲಿಷ್ ತರಗತಿಗಳಿಗೂ ಉಪಯೋಗವಾಗಲಿ ಎಂದು. ಪ್ರತಿ ಸಲವೂ ನನ್ನನ್ನು ಸಿಸಿ ಮಾಡುತ್ತಿದ್ದಳು. ನಾನು ನನ್ನ ಹೆಸರಿನ ಸ್ಪೆಲಿಂಗ್ ಸರಿಯಿದೆಯೇ ಎಂದು ನೋಡಿ ಮುಚ್ಚುತ್ತಿದ್ದೆ.

ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳನ್ನು ಇಲ್ಲಿ ಮೀರ್‌ಗುಲ್ ಎನ್ನುತ್ತೇನೆ. ಅವಳ ಊರಿನ ಹೆಸರು ಬರೆಯುವುದಿಲ್ಲ. ಮಧ್ಯ ಏಷ್ಯಾದ ಗುಡ್ಡಗಳ ನಡುವೆ ಒಂದು ಹೊಳೆ, ಹೊಳೆಯ ದಂಡೆಗೆ ಒಂದು ಕಾರ್ಖಾನೆ, ಕಾರ್ಖಾನೆಯ ದುಡ್ಡಿನಲ್ಲೇ ನಡೆಯುವ, ಅವಳನ್ನು ಇಲ್ಲಿಗೆ ಕಳಿಸಿಕೊಟ್ಟ ಒಂದು ಸಂಸ್ಥೆ, ಅಷ್ಟೇ ಊರು. ಅವಳ ಅಪ್ಪ ಆ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದರು. ಆ ಊರಿನಿಂದ ಅಮೆರಿಕಕ್ಕೆ ಓದಲು ಬಂದವಳು ಇವಳೊಬ್ಬಳೇ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ತಪ್ಪು ಮಾಡುವವಳೂ ಇವಳೇ, ಎಲ್ಲರಿಗಿಂತ ಚೆನ್ನಾಗಿ ಬರೆಯುವವಳೂ ಇವಳೇ. ಅವಳ ವಾಕ್ಯಗಳಲ್ಲಿ ಹಸುಗಳ ಗೊರಸು, ಅಜ್ಜಿಯ ಹಲ್ಲು, ಹಿಮ ಕರಗಿದಾಗ ಹೊಳೆಗೆ ಬರುವ ಬಣ್ಣ ಎಲ್ಲ ಇರುತ್ತಿದ್ದವು.

ಅಕ್ಟೋಬರಿನ ಒಂದು ಗುರುವಾರ ತರಗತಿ ಮುಗಿದ ಮೇಲೆ ಅವಳು ಏಳಲಿಲ್ಲ. ಎರಡು ಗಂಟೆಯೂ ಜಾಕೆಟ್ ಬಿಚ್ಚದೆ ಕೂತಿದ್ದಳು, ಅದನ್ನು ಗಮನಿಸಿದ್ದೆ. ಕೊನೆಯವನು ಬಾಗಿಲು ದಾಟಿದ ಮೇಲೆ ಹತ್ತಿರ ಬಂದು ಫೋನನ್ನು ನನ್ನ ಮುಂದೆ ಹಿಡಿದಳು.

"ಟೀಚರ್, ನಾಲ್ಕನೇ ಹಾಳೆ. ಆರನೇ ವಾಕ್ಯ."

ನಾವು ಮಾತಾಡಿದ್ದು ಇಂಗ್ಲಿಷಿನಲ್ಲೇ, ಅವಳ ಮುರುಕು ಇಂಗ್ಲಿಷ್, ನನ್ನ ಜಾಗರೂಕ ಇಂಗ್ಲಿಷ್. ಫೋನಿನಲ್ಲಿ ಒಂದು ಕಾಗದದ ಫೋಟೋ ಇತ್ತು. ನನ್ನದೇ ಹಾಳೆ, ಎಲ್ಲೋ ದೂರದ ಪ್ರಿಂಟರಿನಲ್ಲಿ ಸ್ವಲ್ಪ ಓರೆಯಾಗಿ ಅಚ್ಚಾದದ್ದು. ಆರನೆಯ ವಾಕ್ಯ ನನಗೆ ನೆನಪಿತ್ತು. 'ನನ್ನ ಅಪ್ಪ ಪ್ರತಿ ಗುರುವಾರ ಕೆಳಗಿನ ಕೊಳವೆಯಿಂದ ಎರಡನೆಯ ಮಾದರಿ ತೆಗೆದು ಅದರ ಅಂಕಿಯನ್ನು ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾರೆ.' ಮೂರು ಬಿಟ್ಟ ಸ್ಥಳ ಸಿಗುತ್ತಿತ್ತು, ಅದಕ್ಕೇ ಆರಿಸಿದ್ದೆ.

"ಇದು ನಿಜವಾ?" ಎಂದು ಕೇಳಿದೆ.

"ನೀವು ನಿಜ ಬರೆಯಿರಿ ಅಂದಿರಿ."

ಅವಳು ಹೇಳುತ್ತ ಹೋದಳು, ಜಾಕೆಟಿನ ಜಿಪ್ ಎಳೆಯುತ್ತ, ಇಳಿಸುತ್ತ. ಕೆಳಗಿನ ಕೊಳವೆಯಿಂದ ಕಾರ್ಖಾನೆಯ ಹೊಲಸು ನೀರು ಹೊಳೆಗೆ ಬೀಳುತ್ತದೆ. ಮೊದಲನೆಯ ಪುಸ್ತಕ ಆಫೀಸಿಗೆ ಹೋಗುತ್ತದೆ. ಅದರಲ್ಲಿ ಅಂಕಿ ಯಾವಾಗಲೂ ಚೆನ್ನಾಗಿರುತ್ತದೆ. ಎರಡನೆಯದು ಮನೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ. ಆರು ವರ್ಷದ ಗುರುವಾರಗಳು ಅದರಲ್ಲಿವೆ. ಎಂದಾದರೂ ಮಗಳು ಅದರ ಮೇಲೆ ಥೀಸಿಸ್ ಬರೆಯುತ್ತಾಳೆ ಎಂದು ಅಪ್ಪ ಕಾದಿದ್ದಾರೆ. ಫೋಟೋ ಕಳಿಸಿದ್ದು ಊರಿನ ಆ ಸಂಸ್ಥೆಯಲ್ಲಿ ಓದುವ ಚಿಕ್ಕಪ್ಪನ ಮಗಳು. 'ಇದು ನಿಮ್ಮ ಮನೆಯ ವಿಷಯದ ಹಾಗಿದೆಯಲ್ಲ' ಎಂದು ಕೆಳಗೆ ಬರೆದಿದ್ದಳು. ನಲವತ್ತು ಪ್ರತಿ ಅಚ್ಚಾಗಿತ್ತು. ಬರುವ ಬುಧವಾರ ಕಾರ್ಖಾನೆಯ ನೌಕರರ ಇಂಗ್ಲಿಷ್ ತರಗತಿಯಲ್ಲಿ ಅದನ್ನು ಮಾಡಿಸುತ್ತಾರೆ. ಆ ತರಗತಿಯ ಮೊದಲ ಬೆಂಚಿನಲ್ಲಿ ಲ್ಯಾಬಿನ ಮುಖ್ಯಸ್ಥ ಕೂರುತ್ತಾನೆ.

"ಅಪ್ಪನ ಕೆಲಸ ಹೋಗುತ್ತದೆ ಅಂತ ಭಯವಾ?" ಎಂದೆ.

"ಕೆಲಸ ಮಾತ್ರ ಹೋಗಿ ಅಪ್ಪ ಮನೆಯಲ್ಲಿ ಉಳಿದರೆ ಅಮ್ಮ ಸಂತೋಷಕ್ಕೆ ಕುರಿ ಕುಯ್ದು ಇಡೀ ಬೀದಿಗೆ ಊಟ ಹಾಕುತ್ತಾಳೆ, ಟೀಚರ್."

ಕುರ್ಚಿ ಎಳೆದುಕೊಂಡು ಕೂತೆ. ಕ್ಷಮಿಸು ಎಂದೆ.

"ಏನಾದರೂ ಮಾಡಿ. ಆದರೆ ಯಾರಿಗೂ ಹೇಳಬೇಡಿ," ಎಂದು ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಹೋದಳು.

ಮನೆಗೆ ಬಂದಾಗ ವೇಣು ಸಾರು ಬಿಸಿ ಮಾಡಿದ್ದರು. ಹನ್ನೊಂದು ವರ್ಷದ ಮಗಳು ಹರಿಣಿ ತಟ್ಟೆಯ ಪಕ್ಕ ಹೋಮ್‌ವರ್ಕ್ ಹರಡಿಕೊಂಡಿದ್ದಳು. ಯಾರಿಗೂ ಹೇಳಬೇಡಿ ಎಂದವಳ ಮಾತು ಕಾರಿನಲ್ಲಿ ಬರುವಷ್ಟು ಹೊತ್ತು ಮಾತ್ರ ನನ್ನ ಹೊಟ್ಟೆಯಲ್ಲಿ ನಿಂತಿತು. ಹೆಸರು, ಊರು ಬಿಟ್ಟು ಎಲ್ಲ ಹೇಳಿದೆ.

"ನಾಳೆ ಬೆಳಿಗ್ಗೆನೇ ಲೊರೇನ್‌ಗೆ ಹೇಳ್ತೀನಿ ರೀ. ಆ ಹಾಳೆ ವಾಪಸ್ ತರಿಸು, ಡಿಲೀಟ್ ಮಾಡಿಸು ಅಂತ."

ವೇಣು ಕೆಲಸ ಮಾಡುವುದು ಡೇಟಾ ಸೆಂಟರಿನಲ್ಲಿ. ತಟ್ಟೆಯಿಂದ ತಲೆಯೆತ್ತಲಿಲ್ಲ. "ನಮ್ಮಲ್ಲಿ ಒಂದು ಫೈಲ್ ಐದು ವರ್ಷ ಬಿದ್ದಿರುತ್ತೆ ನೀರಜಾ, ಯಾರೂ ತೆಗೆದು ನೋಡಿರಲ್ಲ. ಒಂದಿನ ಯಾರೋ ಡಿಲೀಟ್ ಮಾಡ್ತಾರೆ. ಅವತ್ತು ಇಡೀ ಟೀಮು ಅದ್ರಲ್ಲೇನಿತ್ತು ಅಂತ ಬ್ಯಾಕಪ್ ತೆಗೆದು ನೋಡುತ್ತೆ."

"ಹಾಗಂತ ಸುಮ್ನಿರೋದಾ?"

"ಸುಮ್ನಿರು ಅಂದ್ನಾ? ವಾಪಸ್ ಕೊಡಿ ಅಂತ ಅಮೆರಿಕದಿಂದ ಮೇಲ್ ಹೋದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ ಅಂದೆ. ಮತ್ತೆ ಸ್ಟೂಡೆಂಟ್ ಬರೆದಿದ್ದನ್ನ ಪರ್ಮಿಷನ್ ಇಲ್ದೆ ಹಾಕಿದ್ದೀಯ. ಅದು ಲೊರೇನ್‌ಗೆ ಗೊತ್ತಾದ್ರೆ ಮುಂದಿನ ಸ್ಪ್ರಿಂಗ್ ಸೆಮಿಸ್ಟರಿನ ಕಾಂಟ್ರ್ಯಾಕ್ಟ್ ಮರೆತುಬಿಡು."

"ಅದು ನಂಗೂ ಗೊತ್ತು."

"ಗೊತ್ತಿದ್ಯಲ್ಲ, ಸರಿ."

ಹರಿಣಿ ಪೆನ್ಸಿಲ್ ಇಟ್ಟಳು. "ಅಪ್ಪಾ, ಪಂಪ್‌ಕಿನ್ ಯಾಕೆ ಕದೀತಾರೆ? ಇಟ್ಸ್ ಲೈಕ್ ಫೋರ್ ಡಾಲರ್ಸ್."

"ಗಾದೆ ಪುಟ್ಟಾ ಅದು. ಹೆಗಲ ಮೇಲೆ ಹೊತ್ಕೊಂಡು ಹೋದ್ರೆ ಬೂದಿ ಅಂಟಿರುತ್ತೆ."

"ಬಟ್ ಇಲ್ಲಿ ಎಲ್ಲಾರ ಮನೆ ಮುಂದೆನೂ ಇದೆ. ನಮ್ದು ಯಾವ್ದು ಅಂತ ನೋಬಡಿ ವುಡ್ ಈವನ್ ನೋ."

ನಾನು ಕಿಟಕಿಯಾಚೆ ನೋಡಿದೆ. ಎದುರು ಸಾಲಿನ ಟೌನ್‌ಹೌಸುಗಳ ಮೆಟ್ಟಿಲ ಮೇಲೆ ಹ್ಯಾಲೋವೀನಿಗೆಂದು ಕುಂಬಳಕಾಯಿಗಳು ಕೂತಿದ್ದವು, ಎರಡೆರಡು, ಮೂರು ಮೂರು, ಬೀದಿಯ ಕೊನೆಯವರೆಗೆ.

ಮರುದಿನ ಐದಕ್ಕೆ ಎದ್ದು ಅಡುಗೆಮನೆಯ ಮೇಜಿಗೆ ಲ್ಯಾಪ್‌ಟಾಪ್ ತಂದಿಟ್ಟುಕೊಂಡೆ. ನಾನು ಹೈಸ್ಕೂಲಿನಲ್ಲಿದ್ದಾಗ ಇಂಗ್ಲಿಷ್ ಮೇಷ್ಟರು ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು, 'ಅಪ್ಪ' ಇದ್ದಲ್ಲಿ 'ಅಮ್ಮ' ಹಾಕಿ, 'ಪೆನ್ನು' ಇದ್ದಲ್ಲಿ 'ಕುರ್ಚಿ' ಹಾಕಿ ಎಂದು ಇಡೀ ಪೀರಿಯಡ್ಡು ಅದನ್ನೇ ಹೇಳಿಸುತ್ತಿದ್ದರು. ನಲವತ್ತು ಹುಡುಗಿಯರು ರಾಗವಾಗಿ ಹೇಳುತ್ತಿದ್ದೆವು. ಯಾರ ಅಪ್ಪ, ಯಾವ ಪೆನ್ನು ಎಂದು ಯಾರೂ ಕೇಳಿದ್ದಿಲ್ಲ. ಆ ಪದ್ಧತಿಯನ್ನು ನಾನು ಟೀಚರಾದ ಮೇಲೆ ಒಂದು ದಿನವೂ ಬಳಸಿರಲಿಲ್ಲ, ಅಷ್ಟು ನೀರಸ. ಈಗ ಅದೇ ಬೇಕಾಗಿತ್ತು.

ಬರೆಯತೊಡಗಿದೆ. ನನ್ನ ಅತ್ತೆ ಪ್ರತಿ ಸೋಮವಾರ ಮೇಲಿನ ನಲ್ಲಿಯಿಂದ ಮೂರನೆಯ ಮಾದರಿ ತೆಗೆದು ಅದರ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. ಅವಳ ಅಣ್ಣ ಪ್ರತಿ ಭಾನುವಾರ ಹಳೆಯ ಬಾವಿಯಿಂದ ನಾಲ್ಕನೆಯ ಮಾದರಿ ತೆಗೆಯುತ್ತಾನೆ. ಡ್ರೈವರ್ ಸೇತುವೆಯ ಕೆಳಗಿನ ಮಣ್ಣು ತೆಗೆದು ಲಕೋಟೆಗೆ ಹಾಕುತ್ತಾನೆ. ಮೇಯರ್ ತನ್ನ ಸ್ನಾನದ ತೊಟ್ಟಿಯಿಂದ ಮಾದರಿ ತೆಗೆಯುತ್ತಾನೆ. ಜ್ಯಾಕನನ್ನೂ ಕರೆದೆ. ಅವನು ಕೊಡೆಯಲ್ಲಿ ನಿಂತ ಮಳೆನೀರಿನ ಎರಡನೆಯ ಮಾದರಿ ತೆಗೆದು ಇನ್ನೊಂದು ಪುಸ್ತಕದಲ್ಲಿ ಬರೆದ. ಐದು, ಆರು, ಏಳನೆಯ ಹಾಳೆಗಳು, ಜೊತೆಗೊಂದು ಪುನರಾವರ್ತನೆಯ ಹಾಳೆ. ಅದರಲ್ಲಿ ಒಂದರಿಂದ ನಾಲ್ಕರವರೆಗಿನ ಹಳೆಯ ವಾಕ್ಯಗಳ ನಡುವೆ ಇವನ್ನೂ ಕಲಸಿ ಹಾಕಿದೆ. ಎಂಬತ್ತಾರು ವಾಕ್ಯ. ಮೂವತ್ತರ ಹೊತ್ತಿಗೆ ನನಗೇ ಅಪ್ಪ ಯಾರು, ಮೇಯರ್ ಯಾರು ಎಂಬುದು ಮಸುಕಾಗಿತ್ತು. ಅದು ಒಳ್ಳೆಯ ಗುರುತು ಅಂದುಕೊಂಡೆ.

ಮೊದಲ ಹಾಳೆಯ ತಲೆಯಲ್ಲಿ 'ಇಲ್ಲಿನ ಎಲ್ಲ ವಾಕ್ಯಗಳೂ ಕಾಲ್ಪನಿಕ' ಎಂದು ಟೈಪ್ ಮಾಡಿದ್ದೆ. ಓದಿದೆ. ನನ್ನ ಕೈ ಹೆಗಲ ಮೇಲೆ ಹೋದ ಹಾಗಿತ್ತು. ಅಳಿಸಿದೆ.

ಹರಿಣಿಯನ್ನು ಸ್ಕೂಲ್ ಬಸ್ ಹತ್ತಿಸಿ ಬಂದು, ಒಂಬತ್ತೂವರೆಗೆ ಲೊರೇನ್‌ಗೆ ಕಳಿಸಿದೆ. ವಿದ್ಯಾರ್ಥಿಗಳಿಗೆ ಒಂದೇ ಮಾದರಿಯ ಅಭ್ಯಾಸ ಹೆಚ್ಚು ಬೇಕೆನಿಸಿದೆ, ನಾಲ್ಕೂ ಹಾಳೆಗಳನ್ನು ಹಿಂದಿನದರ ಜೊತೆಗೇ ಮಾಡಿಸಿದರೆ ಒಳ್ಳೆಯದು ಎಂದು ಬರೆದೆ. ಮೂರು ಸಲ ಓದಿದೆ. ಹತ್ತು ಗಂಟೆಗೆ ಅವಳ ಮೇಲ್ ಮೂರು ಸಂಸ್ಥೆಗಳಿಗೂ ಹೋಯಿತು. ಆ ಸಲ ನನ್ನ ಹೆಸರಿನ ಸ್ಪೆಲಿಂಗ್ ನೋಡಲಿಲ್ಲ.

ಮಂಗಳವಾರ ಅವೇ ಹಾಳೆಗಳನ್ನು ತರಗತಿಯಲ್ಲಿ ಹಂಚಿದೆ. ಹಂಚದಿದ್ದರೆ ಅದೂ ಎದ್ದು ಕಾಣುತ್ತಿತ್ತು. ತಿಮೂರ್ ಎಂಬ ಹುಡುಗ, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವವನು, ಹಾಳೆ ತಿರುವಿ ಹುಬ್ಬೇರಿಸಿದ.

"ಟೀಚರ್, ಇಲ್ಲಿ ನನ್ನ ಅಜ್ಜಿಯೂ ಮಾದರಿ ತೆಗೆಯುತ್ತಿದ್ದಾಳೆ. ಅವಳಿಗೆ ತೊಂಬತ್ತು. ಚಹಾ ಕಾಯಿಸುವ ಸಮೋವಾರ್ ಹತ್ತಿರ ಹೋಗುವುದೇ ಕಷ್ಟ."

"ಅದಕ್ಕೇ ತಿಂಗಳಿಗೊಮ್ಮೆ ತೆಗೆಯುತ್ತಾಳೆ. ವಾಕ್ಯ ಪೂರ್ತಿ ಓದು," ಎಂದೆ.

"ಮೇಯರ್ ಸ್ನಾನ ಮಾಡಿದ ಮೇಲೆ ತೆಗೆಯುತ್ತಾನೋ, ಮೊದಲೋ?"

"ನೀನೇ ಮುಂದಿನ ವಾಕ್ಯ ಬರೆದು ಹೇಳು."

ಎಲ್ಲರೂ ನಕ್ಕರು. ಮೀರ್‌ಗುಲ್ ತಲೆ ತಗ್ಗಿಸಿ ಗೆರೆಗಳ ಮೇಲೆ ಬರೆಯುತ್ತಿದ್ದಳು. ಪುನರಾವರ್ತನೆಯ ಹಾಳೆಗೆ ಬಂದಾಗ ಅವಳ ಪೆನ್ನು ಒಂದು ಕಡೆ ನಿಂತಿತು. ನನ್ನ ಕಡೆ ಒಮ್ಮೆ ನೋಡಿದಳು. ಅರ್ಥವಾಗಿದೆ ಎಂದು ತಿಳಿಯಿತು. ಒಪ್ಪಿದ್ದಾಳೋ ಇಲ್ಲವೋ ತಿಳಿಯಲಿಲ್ಲ.

ಬುಧವಾರ. ಅವರ ಸಂಜೆ ಎಂದರೆ ನಮ್ಮ ಬೆಳಗು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿದೆ, ದಿಂಬಿನ ಕವರುಗಳನ್ನೂ. ಫೋನು ಎರಡು ಸಲ ಸದ್ದು ಮಾಡಿತು. ಒಂದು ಡೆಂಟಿಸ್ಟಿನದು, ಇನ್ನೊಂದು ಕನ್ನಡ ಸಂಘದ ದೀಪಾವಳಿ ಊಟಕ್ಕೆ ಎಷ್ಟು ಜನ ಎಂದು ಕೇಳಿದ್ದು. ಮೀರ್‌ಗುಲ್ ಬಳಿ ನನ್ನ ನಂಬರೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಗುರುವಾರ ತರಗತಿಗೆ ಲೊರೇನ್ ಬಂದು ಹಿಂದಿನ ಸಾಲಿನಲ್ಲಿ ಕೂತಳು. ವರ್ಷಕ್ಕೊಮ್ಮೆ ಹಾಗೆ ಕೂತು ಟೀಚರ್ ಬಗ್ಗೆ ಟಿಪ್ಪಣಿ ಬರೆಯುವುದು ಕ್ರಮ. ಅದರ ಮೇಲೇ ಮುಂದಿನ ಸೆಮಿಸ್ಟರ್ ನಿಂತಿರುತ್ತದೆ. ಬೇರೆ ಹಾಳೆ ತರಬಹುದಿತ್ತು. ಬುಧವಾರ ಅಲ್ಲಿ ಏನಾಯಿತೋ ತಿಳಿಯುವವರೆಗೆ ಹಾಳೆ ಬದಲಿಸಲು ಧೈರ್ಯವಾಗದೆ ಏಳನೆಯದನ್ನೇ ಮಾಡಿಸಿದೆ. ಹನ್ನೊಂದು ಜನ ಸರದಿಯಂತೆ ಓದಿದರು. ಅತ್ತೆ ನಲ್ಲಿ, ಅಣ್ಣ ಬಾವಿ, ಜ್ಯಾಕ್ ಕೊಡೆ. ಲೊರೇನಳ ಪೆನ್ನು ಮೊದಲು ಚುರುಕಾಗಿತ್ತು, ಆಮೇಲೆ ನಿಧಾನವಾಯಿತು.

ನಡುವಿನ ಬಿಡುವಿನಲ್ಲಿ ಕಾರಿಡಾರಿನಲ್ಲಿ ನನ್ನ ತೋಳು ಮುಟ್ಟಿದಳು. "ನೀರಜಾ, ಹುಷಾರಾಗಿದ್ದೀಯ ತಾನೆ? ಮೊದಲಿನ ಹಾಳೆಗಳಲ್ಲಿ ಅವರ ಊರುಗಳೇ ಕಾಣುತ್ತಿದ್ದವು. ಇವು ಯಂತ್ರದಿಂದ ತೆಗೆದ ಹಾಗಿವೆ."

ಅವಳು ಒಳ್ಳೆಯ ಹೆಂಗಸು. ಹೇಳಿದ್ದರೆ ಅರ್ಥಮಾಡಿಕೊಳ್ಳುತ್ತಿದ್ದಳು. ಅರ್ಥಮಾಡಿಕೊಂಡು, ನಿಯಮದಂತೆ ಮೇಲಿನವರಿಗೆ ಬರೆಯುತ್ತಿದ್ದಳು. ಮೇಲಿನವರು ಆ ಸಂಸ್ಥೆಗೆ ಬಹಳ ವಿನಯದಿಂದ ಬರೆಯುತ್ತಿದ್ದರು. ಹೇಳದಿರಲು ನನಗೆ ಇಷ್ಟು ಕಾರಣ ಇತ್ತು. ನನ್ನ ಕಾಂಟ್ರ್ಯಾಕ್ಟ್ ಎಂಬ ಇನ್ನೊಂದು ಕಾರಣವೂ ಇತ್ತು. ಎರಡರಲ್ಲಿ ಯಾವುದು ಮುಂದೆ ನಿಂತಿತ್ತು ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

"ಸ್ವಲ್ಪ ದಣಿದಿದ್ದೇನೆ," ಎಂದೆ. ಅದಂತೂ ನಿಜವಾಗಿತ್ತು.

ತರಗತಿ ಮುಗಿದ ಮೇಲೆ ಮೀರ್‌ಗುಲ್ ಪಾರ್ಕಿಂಗ್ ಲಾಟಿನವರೆಗೆ ನನ್ನ ಜೊತೆ ನಡೆದಳು. ಕಾರಿನ ಹತ್ತಿರ ಬಂದ ಮೇಲೇ ಬಾಯಿ ಬಿಟ್ಟಳು.

"ನಿನ್ನೆ ಮಾಡಿಸಿದರು. ಐದು ಹಾಳೆಯನ್ನೂ. ಚಿಕ್ಕಪ್ಪನ ಮಗಳು ಅಲ್ಲೇ ಕಾಗದ ಹಂಚುತ್ತಿದ್ದಳು."

"ಮುಖ್ಯಸ್ಥ ಬಂದಿದ್ದನಾ?"

"ಬಂದಿದ್ದ. ನಾಲ್ಕನೇ ಹಾಳೆ ಅವನೇ ಗಟ್ಟಿಯಾಗಿ ಓದಿದ. ಆರನೇ ವಾಕ್ಯದ ಹತ್ತಿರ ನಿಂತ. ಎರಡನೇ ಸಲ ಓದಿದ." ಅವಳು ಜಿಪ್ ಹಿಡಿದುಕೊಂಡಿದ್ದಳು, ಎಳೆಯಲಿಲ್ಲ. "ಆಮೇಲೆ ಐದನೇ ಹಾಳೆ ಬಂತು. ಅತ್ತೆ. ಆಮೇಲೆ ಮೇಯರ್. ಮೇಯರ್ ಬಂದಾಗ ನಗತೊಡಗಿದ. ಅಮೆರಿಕದವರು ಇಷ್ಟು ದುಡ್ಡಿಟ್ಟುಕೊಂಡು ಒಂದೇ ವಾಕ್ಯ ಇಟ್ಟುಕೊಂಡಿದ್ದಾರಲ್ಲ, ಬಡವರು, ಅಂದನಂತೆ. ಎಲ್ಲರೂ ನಕ್ಕರು. ಇವತ್ತು ಕ್ಯಾಂಟೀನಿನಲ್ಲಿ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಂಡು ನಗುತ್ತಿದ್ದರಂತೆ, ನನ್ನ ಹೆಂಡತಿ ನನ್ನ ಸೂಪಿನಿಂದ ಎರಡನೆಯ ಮಾದರಿ ತೆಗೆಯುತ್ತಾಳೆ ಅಂತ. ಅಪ್ಪ ಅಲ್ಲೇ ಕೂತಿದ್ದರು. ಅವರೂ ನಕ್ಕರಂತೆ."

ನಾನು ಕಾರಿಗೆ ಒರಗಿದೆ. "ದೇವರು ದೊಡ್ಡವನು," ಎಂದು ಕನ್ನಡದಲ್ಲೇ ಅಂದುಬಿಟ್ಟೆ.

"ಅಪ್ಪ ನಿನ್ನೆಯೇ ಪುಸ್ತಕವನ್ನು ಒಲೆಗೆ ಹಾಕಿದರು," ಎಂದಳು. "ತರಗತಿ ಮುಗಿಯುವ ಮೊದಲೇ. ನಗುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ಇವತ್ತು ಗುರುವಾರ. ಕೆಳಗಿನ ಕೊಳವೆಗೆ ಹೋಗಲಿಲ್ಲವಂತೆ. ಇನ್ನು ಹೋಗುವುದಿಲ್ಲ ಅಂದರು."

"ಫೋಟೋ ಏನಾದರೂ..."

"ಇಲ್ಲ. ಫೋನಿನಲ್ಲಿ ಇಡುವುದು ಅಪಾಯ ಅಂತ ನಾನೇ ಬೇಡ ಅಂದಿದ್ದೆ." ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು, "ಅಪ್ಪ ನಿಮಗೆ ಥ್ಯಾಂಕ್ಸ್ ಹೇಳಲು ಹೇಳಿದರು," ಎಂದಳು. ಹೇಳಬೇಕಾದ್ದನ್ನು ಹೇಳಿ ಮುಗಿಸಿದವಳ ಹಾಗೆ ಬಸ್ ಸ್ಟಾಪಿನ ಕಡೆ ಹೋದಳು.

ನವೆಂಬರ್ ಕೊನೆಗೆ ನನ್ನ ವರ್ಕ್ ಪರ್ಮಿಟ್ ಕಾರ್ಡ್ ಬಂತು. ಲೊರೇನಳ ಟಿಪ್ಪಣಿಯೂ ಬಂತು. ಅಭ್ಯಾಸಗಳಲ್ಲಿ ವೈವಿಧ್ಯ ಕಡಿಮೆ ಎಂದಿತ್ತು. ಸ್ಪ್ರಿಂಗ್ ಸೆಮಿಸ್ಟರಿಗೆ ವಾರಕ್ಕೆ ಎರಡು ತರಗತಿಯ ಬದಲು ಒಂದು. "ಒಂದಾದ್ರೂ ಇದ್ಯಲ್ಲ," ಎಂದರು ವೇಣು. ನಮ್ಮ ಮೆಟ್ಟಿಲ ಮೇಲಿನ ಕುಂಬಳಕಾಯಿಗಳು ಮೆತ್ತಗಾಗಿದ್ದವು. ಅವನ್ನು ಎತ್ತಿ ಕಸಕ್ಕೆ ಹಾಕಿದವಳು ನಾನೇ.

ಡಿಸೆಂಬರಿನ ಕೊನೆಯ ತರಗತಿಯಲ್ಲಿ ಹತ್ತು ವಾಕ್ಯ ಬರೆಯಲು ಹೇಳಿದೆ. ವಿಷಯ ನಿಮಗೆ ಇಷ್ಟ ಬಂದದ್ದು, ಬರೆದದ್ದು ಈ ಕೋಣೆ ಬಿಟ್ಟು ಹೋಗುವುದಿಲ್ಲ ಎಂದೆ. ತಿಮೂರ್ ತನ್ನ ಅಜ್ಜಿಯ ಬಗ್ಗೆ ಬರೆದ. ಉಳಿದವರು ಚಳಿಯ ಬಗ್ಗೆ, ಕಲ್ಲಿದ್ದಲ ಹೊಗೆಯ ಬಗ್ಗೆ ಬರೆದರು, ತಪ್ಪು ಮಾಡುತ್ತ, ಅಳಿಸುತ್ತ. ಎಲ್ಲರಿಗಿಂತ ಮೊದಲು ಹಾಳೆ ತಂದುಕೊಟ್ಟವಳು ಮೀರ್‌ಗುಲ್.

ಹೊಳೆ ಉದ್ದವಾಗಿದೆ. ನೀರು ತಣ್ಣಗಿದೆ. ದಂಡೆಯ ಮೇಲೆ ಒಂದು ಮರ ಇದೆ. ಆ ಮರ ಹಸಿರಾಗಿದೆ. ಹೀಗೇ ಹತ್ತು.

ಅವಳು ಎದುರಿಗೇ ನಿಂತಿದ್ದಳು. ತಪ್ಪು ಹುಡುಕುತ್ತ ನಿಧಾನವಾಗಿ ಎರಡು ಸಲ ಓದಿದೆ. ಪ್ರತಿ 'ಎ', ಪ್ರತಿ 'ದಿ' ತನ್ನ ಜಾಗದಲ್ಲಿತ್ತು.

"ಸರಿಯಿದೆಯಾ, ಟೀಚರ್?"

"ಎಲ್ಲಾ ಸರಿಯಿದೆ," ಎಂದು ಹತ್ತಕ್ಕೆ ಹತ್ತು ಹಾಕಿ ಹಾಳೆಯನ್ನು ಅವಳಿಗೇ ವಾಪಸ್ ಕೊಟ್ಟೆ.